ಚಾರ್ಜ್ ಲೆಕ್ಕ: ಯಾರ ಮೇಲೆ, ಯಾರಿಂದ?

ಸೆಕೆಂಡ್ ಪಿಯು ತರಗತಿಗಳಲ್ಲಿ ಮೊದಲ ಎರಡು ಪಾಠ ಮುಗಿದಿವೆ ಅಂತ ನನಗೆ ಯಾರೂ ಹೇಳಬೇಕಿಲ್ಲ. ಬಂದ ಪತ್ರಗಳೇ ಹೇಳುತ್ತವೆ. ಈ ಸಲ ಹೆಚ್ಚಿನವು ಸ್ಥಾಯಿ ವಿದ್ಯುತ್ತಿನ ಲೆಕ್ಕಗಳ ಬಗ್ಗೆಯೇ. "ಥಿಯರಿ ಅರ್ಥ ಆಗುತ್ತೆ ಮೇಡಂ, ನ್ಯೂಮೆರಿಕಲ್ ಮಾತ್ರ ಬರಲ್ಲ" ಅನ್ನುವ ಸಾಲಂತೂ ಸುಮಾರು ಪತ್ರಗಳಲ್ಲಿದೆ. ಹಾಗಾಗಿ ಈ ತಿಂಗಳು ಅಂಕಣ ಪೂರ್ತಿ ಚಾರ್ಜ್‌ಗೇ ಮೀಸಲು. ಗ್ರಹಣ, ಇಂಡಕ್ಷನ್ ಒಲೆ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ನೋಡೋಣ.

ಉತ್ತರಕ್ಕೆ ಹೋಗುವ ಮುಂಚೆ ಒಂದು ಮಾತು. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವಾಗ ಲೆಕ್ಕದ ಪಕ್ಕದ ಮಾರ್ಜಿನ್‌ನಲ್ಲಿ ಪೆನ್ಸಿಲಿನಿಂದ ಎರಡು ಪ್ರಶ್ನೆ ಬರೆಸುತ್ತಿದ್ದೆ: ಯಾರ ಮೇಲೆ? ಯಾರಿಂದ? ಮಕ್ಕಳು ನಗುತ್ತಿದ್ದರು. ನಗಲಿ ಬಿಡಿ. ಈ ಪಾಠದಲ್ಲಿ ಸೂತ್ರ ಮರೆತು ಕೆಡುವ ಲೆಕ್ಕ ಕಡಿಮೆ. ಬಲ ಯಾರ ಮೇಲೆ ಬೀಳುತ್ತಿದೆ ಅಂತ ನೋಡದೆ ಕೆಡುವ ಲೆಕ್ಕವೇ ಜಾಸ್ತಿ. ಕೆಳಗಿನ ಉತ್ತರಗಳಲ್ಲೂ ಅದೇ ಹಳೇ ರಾಗ ಆಗಾಗ ಕೇಳುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ಕೂಲಂಬ್ ಸೂತ್ರದಲ್ಲಿ ಮೈನಸ್ ಚಾರ್ಜ್ ಇದ್ದರೆ ಮೈನಸ್ ಹಾಕಬೇಕಾ, ಬೇಡವಾ? ಮೊದಲನೇ ಪಾಠದಲ್ಲಿ ಹಾಕಬೇಡಿ ಅಂದರು. ಎರಡನೇ ಪಾಠದಲ್ಲಿ ಪೊಟೆನ್ಷಿಯಲ್ ಲೆಕ್ಕಕ್ಕೆ ಹಾಕಲೇಬೇಕು ಅಂದರು. ಯಾಕೆ ಅಂತ ಕೇಳಿದರೆ "ಅದು ಹಾಗೇ" ಅಂತಾರೆ.
— ದ್ವಿತೀಯ ಪಿಯು ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ನಿನಗೆ ಹೇಳಿದ ಎರಡೂ ಮಾತು ಸರಿ ಕಣಮ್ಮ. ಕಾರಣ ಹೇಳುವುದು ಬಾಕಿ ಉಳಿದಿದೆ, ಅಷ್ಟೇ.

ಒಂದು ಲೆಕ್ಕ ಮಾಡಿಯೇ ನೋಡೋಣ. ಹಾಳೆ ಮೇಲೆ ಒಂದು ಅಡ್ಡಗೆರೆ ಎಳಿ. ಎಡತುದಿಯಲ್ಲಿ ಎ, ಬಲತುದಿಯಲ್ಲಿ ಬಿ, ನಡುವೆ 30 ಸೆಂ.ಮೀ. ಎ ಹತ್ತಿರ +4 ಮೈಕ್ರೊಕೂಲಂಬ್ (ಮೈಕ್ರೊ ಅಂದರೆ 10⁻⁶), ಬಿ ಹತ್ತಿರ −2 ಮೈಕ್ರೊಕೂಲಂಬ್. ಈಗ ನಟ್ಟನಡುವೆ +1 ಮೈಕ್ರೊಕೂಲಂಬ್ ಇಟ್ಟರೆ ಅದರ ಮೇಲೆ ಬೀಳುವ ಬಲ ಎಷ್ಟು?

ಯಾರ ಮೇಲೆ? ನಡುವಿನ ಚಾರ್ಜ್ ಮೇಲೆ. ಯಾರಿಂದ? ಎ ಇಂದ ಒಂದು, ಬಿ ಇಂದ ಒಂದು. ಎರಡನ್ನೂ ಬೇರೆ ಬೇರೆ ತೆಗೆದುಕೊ. ಎ ಇಂದ ಬರುವ ಬಲ: ಕೂಲಂಬ್ ಸೂತ್ರದ ಸ್ಥಿರಾಂಕ 9 × 10⁹ ಅನ್ನು 4 × 10⁻⁶ ಮತ್ತು 1 × 10⁻⁶ ಇಂದ ಗುಣಿಸಿ, 0.15ರ ವರ್ಗದಿಂದ ಭಾಗಿಸಿದರೆ 1.6 ನ್ಯೂಟನ್. ಬಿ ಇಂದ ಬರುವ ಬಲ ಅದರ ಅರ್ಧ, 0.8 ನ್ಯೂಟನ್. ಇಲ್ಲಿಯವರೆಗೆ ಚಿಹ್ನೆ ಬೇಕಾಗಲೇ ಇಲ್ಲ.

ಈಗ ಚಿತ್ರಕ್ಕೆ ಬಾ. ಎ ಪ್ಲಸ್, ನಡುವಿನದೂ ಪ್ಲಸ್. ಎ ಅದನ್ನು ಬಲಕ್ಕೆ ತಳ್ಳುತ್ತದೆ. ಬಿ ಮೈನಸ್, ಅದು ತನ್ನ ಕಡೆಗೆ ಎಳೆಯುತ್ತದೆ. ಅಂದರೆ ಅದೂ ಬಲಕ್ಕೇ. ಕೆಟ್ಟು ನಿಂತ ಆಟೊವನ್ನು ಒಬ್ಬ ಹಿಂದಿನಿಂದ ತಳ್ಳುತ್ತಾನೆ, ಇನ್ನೊಬ್ಬ ಮುಂದಿನಿಂದ ಎಳೆಯುತ್ತಾನೆ, ಅಲ್ವಾ? ಇಬ್ಬರ ಬಲವೂ ಕೂಡುತ್ತದೆ. ಉತ್ತರ 2.4 ನ್ಯೂಟನ್, ಬಿ ಕಡೆಗೆ.

ಇದೇ ಲೆಕ್ಕದಲ್ಲಿ ಮೈನಸ್ ಹಾಕಿ ಸುಮ್ನೆ ಕೂಡಿಸಿದವರಿಗೆ 1.6ರಿಂದ 0.8 ಕಳೆದು 0.8 ನ್ಯೂಟನ್ ಬರುತ್ತದೆ. ಮೂರರಲ್ಲಿ ಒಂದು ಪಾಲು. ಯಾಕೆ ಹೀಗಾಯಿತು? ಸೂತ್ರದಲ್ಲಿ ಬಂದ ಮೈನಸ್‌ಗೆ "ಆಕರ್ಷಣೆ" ಅಂತ ಅರ್ಥ. "ಎಡಕ್ಕೆ" ಅಂತ ಅರ್ಥ ಅಲ್ಲ. ಆಕರ್ಷಣೆ ಎಡಕ್ಕೂ ಆಗಬಹುದು, ಬಲಕ್ಕೂ ಆಗಬಹುದು, ಮೇಲಕ್ಕೂ ಆಗಬಹುದು. ಎಳೆಯುವವನು ಎಲ್ಲಿ ನಿಂತಿದ್ದಾನೆ ಅನ್ನುವುದರ ಮೇಲೆ ಹೋಗುತ್ತದೆ. ಅದಕ್ಕೇ ಬಲದ ಲೆಕ್ಕದಲ್ಲಿ ಚಿಹ್ನೆಯನ್ನು ಬಾಣದ ಗುರುತು ಹಾಕಲು ಬಳಸಬೇಕು, ಗುಣಾಕಾರಕ್ಕೆ ಅಲ್ಲ.

ಪಠ್ಯಪುಸ್ತಕದಲ್ಲಿ ಸದಿಶ ರೂಪ ಬರೆಯುವಾಗ ಚಿಹ್ನೆ ಸಮೇತ ಬರೆದಿದ್ದಾರಲ್ಲ ಅಂತ ಯಾರಾದರೂ ಜಾಣರು ಕೇಳಿಯಾರು. ಹೌದು. ಅಲ್ಲಿ ಪಕ್ಕದಲ್ಲೇ ಯೂನಿಟ್ ವೆಕ್ಟರ್ ಇರುತ್ತದೆ, ದಿಕ್ಕಿನ ಜವಾಬ್ದಾರಿ ಅದರದು. ಅದನ್ನು ಬಿಟ್ಟು ಬರೀ ಮೈನಸ್ ಇಟ್ಟುಕೊಂಡರೆ ಎಡವಟ್ಟು.

ಇನ್ನು ಪೊಟೆನ್ಷಿಯಲ್. ಅದಕ್ಕೆ ದಿಕ್ಕೇ ಇಲ್ಲ, ಬಾಣ ಎಳೆಯುವ ಮಾತೇ ಇಲ್ಲ. ಬರೀ ಸಂಖ್ಯೆ. ಹಾಗಾಗಿ ಚಾರ್ಜ್ ಪ್ಲಸ್ಸೋ ಮೈನಸ್ಸೋ ಅನ್ನುವುದನ್ನು ಸಂಖ್ಯೆಯಲ್ಲೇ ತೋರಿಸಬೇಕು. 9 × 10⁹ ಅನ್ನು ಒಂದೇ ಚಾರ್ಜ್‌ನಿಂದ ಗುಣಿಸಿ ದೂರದಿಂದ ಭಾಗಿಸು, ದೂರದ ವರ್ಗದಿಂದ ಅಲ್ಲ. ಅದೇ ಮಧ್ಯಬಿಂದುವಿನಲ್ಲಿ ಎ ಇಂದ 2.4 × 10⁵ ವೋಲ್ಟ್, ಬಿ ಇಂದ −1.2 × 10⁵ ವೋಲ್ಟ್. ಒಟ್ಟು 1.2 × 10⁵ ವೋಲ್ಟ್. ಒಂದೇ ಜಾಗ, ಅವೇ ಎರಡು ಚಾರ್ಜ್. ಬಲ ಕೂಡಿತು, ಪೊಟೆನ್ಷಿಯಲ್ ಕಳೆಯಿತು. ಈ ಎರಡೂ ಲೆಕ್ಕವನ್ನು ಅಕ್ಕಪಕ್ಕದಲ್ಲಿ ಬರೆದು ಒಂದು ಸಲ ಮಾಡು. ಆಮೇಲೆ ನಿನ್ನ ಗೊಂದಲ ವಾಪಸ್ ಬಂದರೆ ನನಗೆ ಬರಿ.

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಸೈನ್ಸ್ ತೆಗೆದುಕೊಂಡಿದ್ದಾನೆ. ಸೂತ್ರ ಬಾಯಿಪಾಠ ಇದೆ, ಚಿತ್ರವನ್ನೂ ಬರೆಯುತ್ತಾನೆ. ಆದರೆ 10ರ ಘಾತದ ಹತ್ತಿರ ಬಂದ ಕೂಡಲೇ ತಪ್ಪುತ್ತಾನೆ. ನಾನು ಕಿರಾಣಿ ಅಂಗಡಿ ನಡೆಸುವವನು, ನನಗೆ ಹೇಳಿಕೊಡಲು ಬರುವುದಿಲ್ಲ. ಏನು ಮಾಡಬೇಕು?
— ಒಬ್ಬ ತಂದೆ, ಮುದ್ದೇಬಿಹಾಳ

ಉತ್ತರ: ಯಜಮಾನರೇ, ಇದು ಮಾಧ್ಯಮದ ತೊಂದರೆ ಅಲ್ಲ. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಇಲ್ಲೇ ಜಾರುವುದು. ಅವನು ಸರಿಯಾಗಿ ಚಿತ್ರ ಬರೆಯುತ್ತಾನೆ ಅಂದರೆ ಕಷ್ಟದ ಅರ್ಧ ದಾರಿ ದಾಟಿದ್ದಾನೆ.

ಅವನಿಗೆ ಹೇಳಿ: ಸಂಖ್ಯೆಗಳದ್ದು ಒಂದು ಗುಂಪು, 10ರ ಘಾತಗಳದ್ದು ಇನ್ನೊಂದು ಗುಂಪು. ಬೆರೆಸಬಾರದು. ಉದಾಹರಣೆಗೆ ಪಠ್ಯಪುಸ್ತಕದ ಮೊದಲ ಪಾಠದಲ್ಲೇ ಇರುವ ಲೆಕ್ಕ. 2 × 10⁻⁷ ಮತ್ತು 3 × 10⁻⁷ ಕೂಲಂಬ್, ಗಾಳಿಯಲ್ಲಿ 30 ಸೆಂ.ಮೀ. ದೂರ. ಮೊದಲ ಕೆಲಸ ದೂರವನ್ನು ಮೀಟರಿಗೆ ತರುವುದು: 3 × 10⁻¹. ಅದರ ವರ್ಗ 9 × 10⁻². ಈಗ ಸಂಖ್ಯೆಗಳ ಗುಂಪು: 9 × 2 × 3 ÷ 9, ಅಂದರೆ 6. ಘಾತಗಳ ಗುಂಪು: 9ರಲ್ಲಿ 7 ಕಳೆ, ಇನ್ನೊಂದು 7 ಕಳೆ, −5 ಆಯಿತು. ಕೆಳಗಿರುವ −2 ಮೇಲೆ ಬಂದರೆ +2. ಒಟ್ಟು −3. ಉತ್ತರ 6 × 10⁻³ ನ್ಯೂಟನ್.

ಜಾರುವ ಜಾಗ ಯಾವುದು ಗೊತ್ತಾ? ಸೆಂಟಿಮೀಟರನ್ನು ಮೀಟರಿಗೆ ತಂದ ಮೇಲೆ ವರ್ಗ ಮಾಡುವಾಗ 3ನ್ನು 9 ಮಾಡುತ್ತಾರೆ, 10⁻¹ ಅನ್ನು ಹಾಗೇ ಬಿಟ್ಟುಬಿಡುತ್ತಾರೆ. ಅವನ ಹಳೆಯ ಪರೀಕ್ಷೆಯ ಪೇಪರ್ ತೆಗೆದು ನೋಡಿ, ಇದೇ ಇರಬಹುದು. ಉತ್ತರ ಸರಿಯಾಗಿ 10 ಪಟ್ಟು ಹೆಚ್ಚುಕಡಿಮೆ ಆಗಿದ್ದರೆ ಇದೇ ಕಳ್ಳ.

ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಪ್ರಶ್ನೆಪತ್ರಿಕೆ ತೆಗೆಯುವವರಿಗೆ 30 ಸೆಂ.ಮೀ., 3 ಸೆಂ.ಮೀ., 3 ಮೀಟರ್ ಅಂದರೆ ಬಲು ಪ್ರೀತಿ. ವರ್ಗ ಮಾಡಿದರೆ 9 ಬರುತ್ತದೆ, ಮೇಲಿನ 9 × 10⁹ರ ಜೊತೆ ಹೊಡೆದುಹೋಗುತ್ತದೆ. ಹಾಗೆ ಹೊಡೆದುಹೋಗದೆ ಕೆಟ್ಟ ದಶಾಂಶ ಉಳಿದರೆ ಒಮ್ಮೆ ಹಿಂದೆ ತಿರುಗಿ ನೋಡುವುದು ಒಳ್ಳೆಯದು.

ಅವನಿಗೆ ಒಂದು ಸಂಖ್ಯೆ ಮಾತ್ರ ಬಾಯಿಪಾಠ ಮಾಡಿಸಿ. ಒಂದೊಂದು ಮೈಕ್ರೊಕೂಲಂಬ್‌ನ ಎರಡು ಚಾರ್ಜ್, ನಡುವೆ 10 ಸೆಂ.ಮೀ. ಬಲ 0.9 ನ್ಯೂಟನ್. ನಿಮ್ಮ ತಕ್ಕಡಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 90 ಗ್ರಾಂ ತೂಕ. ಮಿಕ್ಕಿದ್ದನ್ನೆಲ್ಲ ಇದರಿಂದಲೇ ಅಂದಾಜು ಮಾಡಬಹುದು. ಒಂದು ಚಾರ್ಜ್ ಎರಡರಷ್ಟಾದರೆ ಬಲವೂ ಎರಡರಷ್ಟು. ದೂರ ಮೂರರಷ್ಟಾದರೆ ಬಲ ಒಂಬತ್ತರಲ್ಲೊಂದು. ಮೇಲೆ ಹೊಸದುರ್ಗದ ಹುಡುಗಿಗೆ ಹೇಳಿದ ಎ ಮತ್ತು ಬಿ ಚಾರ್ಜ್‌ಗಳನ್ನೇ ತೆಗೆದುಕೊಳ್ಳಿ: 4 ಮತ್ತು 2, ದೂರ 30 ಸೆಂ.ಮೀ. 0.9ನ್ನು 8ರಿಂದ ಗುಣಿಸಿ 9ರಿಂದ ಭಾಗಿಸಿ. 0.8 ನ್ಯೂಟನ್. ಬಾಯಲ್ಲೇ ಆಯಿತು. ಮೈಕ್ರೊಕೂಲಂಬ್ ಲೆಕ್ಕದಲ್ಲಿ ಕೋಟಿಗಟ್ಟಲೆ ನ್ಯೂಟನ್ ಬಂದರೆ ಎಲ್ಲೋ 10⁻⁶ ಬಿಟ್ಟುಹೋಗಿದೆ ಅಂತಲೇ ಅರ್ಥ. ಒಂದೊಂದು ಪೂರ್ತಿ ಕೂಲಂಬ್‌ನ ಎರಡು ಚಾರ್ಜ್ ಒಂದು ಮೀಟರ್ ದೂರದಲ್ಲಿದ್ದರೆ ಬಲ 9 × 10⁹ ನ್ಯೂಟನ್. ಅದು ಒಂಬತ್ತು ಲಕ್ಷ ಟನ್ ಸರಕಿನ ಭಾರ! ಯಾವ ಮೇಜಿನ ಮೇಲೂ ಅಂಥದ್ದು ನಡೆಯುವುದಿಲ್ಲ.

ಎಲೆಕ್ಟ್ರಾನ್ ಎಣಿಸುವ ಲೆಕ್ಕದಲ್ಲೂ ಇದೇ ಬುದ್ಧಿ ಬೇಕು. ಒಂದು ಎಲೆಕ್ಟ್ರಾನಿನ ಚಾರ್ಜ್ 1.6 × 10⁻¹⁹ ಕೂಲಂಬ್. ಒಂದು ಮೈಕ್ರೊಕೂಲಂಬ್ ಅಂದರೆ 6.25 × 10¹² ಎಲೆಕ್ಟ್ರಾನ್. ಭಾಗಿಸುವ ಬದಲು ಗುಣಿಸಿದವರಿಗೆ 10ರ ಮೇಲೆ ಮೈನಸ್ 25 ಬರುತ್ತದೆ. ಒಂದು ಎಲೆಕ್ಟ್ರಾನಿಗಿಂತ ಕಡಿಮೆ ಎಲೆಕ್ಟ್ರಾನ್ ಎಲ್ಲಿಂದ ತರುವುದು? ಹಾಗಿದ್ದೂ ಅದರ ಕೆಳಗೆ ಎರಡು ಗೆರೆ ಎಳೆದು ಬಾಕ್ಸ್ ಹಾಕಿ ಕೊಟ್ಟ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ.

ಕೊನೆಗೆ ಪರೀಕ್ಷೆಯ ವಿಷಯ. ಸೂತ್ರ ಮತ್ತು ಹಂತಗಳಿಲ್ಲದೆ ಬರೀ ಉತ್ತರ ಬರೆದರೆ ಅಂಕ ಇಲ್ಲ ಅಂತ ಪಿಯು ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ. ಹಂತ ಬರೆದರೆ ಕೊನೆಯ ಘಾತ ತಪ್ಪಿದರೂ 5 ಅಂಕದಲ್ಲಿ ಹೆಚ್ಚು ಪಾಲು ಕೈಗೆ ಸಿಗುತ್ತದೆ. ಅವನಿಗೆ ಧೈರ್ಯ ಹೇಳಿ.

ಪ್ರಶ್ನೆ: +4 ಮತ್ತು −1 ಮೈಕ್ರೊಕೂಲಂಬ್, ನಡುವೆ 30 ಸೆಂ.ಮೀ. ವಿದ್ಯುತ್ ಕ್ಷೇತ್ರ ಎಲ್ಲಿ ಸೊನ್ನೆ? ವರ್ಗಸಮೀಕರಣ ಬಿಡಿಸಿದರೆ ಎರಡು ಉತ್ತರ ಬರುತ್ತವೆ. ಒಂದನ್ನು ಬಿಟ್ಟುಬಿಡಿ ಅಂತಾರೆ. ಯಾವುದನ್ನು, ಯಾಕೆ?
— ದ್ವಿತೀಯ ಪಿಯು ವಿದ್ಯಾರ್ಥಿ, ಶಿರಸಿ

ಉತ್ತರ: ಸಮೀಕರಣ ಬರೆಯುವ ಮುಂಚೆಯೇ ಜಾಗ ಗುರುತಿಸಬೇಕು ಕಣೋ ತಮ್ಮಾ. ಆಮೇಲೆ ಈ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿ "ಯಾರ ಮೇಲೆ?" ಅಂದರೆ ಯಾರೂ ಇಲ್ಲ. ಹಾಗಾಗಿ ನಾವೇ ಒಂದು ಪುಟಾಣಿ ಪ್ಲಸ್ ಚಾರ್ಜ್ ಹಿಡಿದು ಆ ಗೆರೆ ಮೇಲೆ ನಡೆದಾಡಬೇಕು. ಎರಡರ ನಡುವೆ ನಿಂತರೆ +4 ಅತ್ತ ತಳ್ಳುತ್ತದೆ, −1 ಕೂಡ ಅತ್ತಲೇ ಎಳೆಯುತ್ತದೆ. ಸೊನ್ನೆ ಆಗುವ ಮಾತೇ ಇಲ್ಲ. +4ರ ಆಚೆ ಬದಿಗೆ ಹೋದರೆ ದಿಕ್ಕುಗಳು ಎದುರುಬದುರು, ಸರಿ. ಆದರೆ ಅಲ್ಲಿ ದೊಡ್ಡ ಚಾರ್ಜೇ ಹತ್ತಿರ, ಸಣ್ಣದು ದೂರ. ಸಣ್ಣದು ಎಂದೂ ಸಮಕ್ಕೆ ಬರುವುದಿಲ್ಲ. ಉಳಿದದ್ದು −1ರ ಆಚೆ ಬದಿ. ಅಲ್ಲಿ ದಿಕ್ಕು ಎದುರುಬದುರು, ಸಣ್ಣದು ಹತ್ತಿರ, ದೊಡ್ಡದು ದೂರ. ಸಮ ಆಗಲು ಸಾಧ್ಯ.

−1 ಇಂದ ಆಚೆ ಎಕ್ಸ್ ಸೆಂ.ಮೀ. ದೂರ ಅಂತಿಟ್ಟುಕೊ. 4 ÷ (30 + ಎಕ್ಸ್)² = 1 ÷ ಎಕ್ಸ್². ಇದನ್ನು ಬಿಡಿಸಿ ವರ್ಗಸಮೀಕರಣ ಮಾಡಬೇಡ, ದಯವಿಟ್ಟು. ಎರಡೂ ಬದಿಗೆ ವರ್ಗಮೂಲ ತೆಗೆ. 2 ÷ (30 + ಎಕ್ಸ್) = 1 ÷ ಎಕ್ಸ್. ಎಕ್ಸ್ = 30 ಸೆಂ.ಮೀ. ಮುಗಿಯಿತು.

ನಿನಗೆ ಸಿಕ್ಕ ಇನ್ನೊಂದು ಉತ್ತರ −10 ಇರಬೇಕು. ಅದನ್ನು ಬಿಡಬೇಕು ನಿಜ, ಆದರೆ ಅದು ಕಸ ಅಲ್ಲ. −10 ಅಂದರೆ ಈಚೆ ಬದಿಗೆ 10 ಸೆಂ.ಮೀ., ಎರಡರ ನಡುವೆ. ಅಲ್ಲಿ +4ರಿಂದ ದೂರ 20, −1ರಿಂದ 10. 4 ಭಾಗಿಸು 400, 1 ಭಾಗಿಸು 100. ಎರಡೂ ಒಂದೇ! ಕ್ಷೇತ್ರಗಳ ಪ್ರಮಾಣ ಅಲ್ಲೂ ಸಮ. ದಿಕ್ಕು ಮಾತ್ರ ಒಂದೇ ಕಡೆ, ಹಾಗಾಗಿ ಸೊನ್ನೆ ಆಗುವ ಬದಲು ದುಪ್ಪಟ್ಟಾಗುತ್ತದೆ. ಸಮೀಕರಣಕ್ಕೆ ನೀನು "ಪ್ರಮಾಣ ಎಲ್ಲಿ ಸಮ?" ಅಂತ ಮಾತ್ರ ಕೇಳಿದ್ದೆ. ಅದು ಎರಡೂ ಜಾಗವನ್ನು ನಿಯತ್ತಾಗಿ ಹೇಳಿತು. −1ರ ಬದಲು +1 ಇದ್ದಿದ್ದರೆ ಆ 10 ಸೆಂ.ಮೀ. ಜಾಗವೇ ಸರಿಯುತ್ತರ ಆಗುತ್ತಿತ್ತು.

ಪ್ರಶ್ನೆ: ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿಯುವ ಪ್ರಯೋಗ ನಮ್ಮ ಶಾಲೆಯಲ್ಲಿ ಜುಲೈ ತಿಂಗಳಲ್ಲಿ ಆಗುವುದೇ ಇಲ್ಲ. ಮಕ್ಕಳ ಮುಂದೆ ಮರ್ಯಾದೆ ಹೋಗುತ್ತದೆ. ಇನ್ನೊಂದು, ಒಬ್ಬ ಹುಡುಗ ಕೇಳಿದ: ಕಾಗದದಲ್ಲಿ ಚಾರ್ಜ್ ಸೊನ್ನೆ. ಸೂತ್ರದಲ್ಲಿ ಸೊನ್ನೆ ಹಾಕಿದರೆ ಬಲವೂ ಸೊನ್ನೆ. ಮತ್ತೆ ಹೇಗೆ ಹಾರುತ್ತದೆ?
— ಹೈಸ್ಕೂಲ್ ಶಿಕ್ಷಕರು, ಕುಮಟಾ

ಉತ್ತರ: ಸರ್, ಮೊದಲು ಆ ಹುಡುಗನ ಬೆನ್ನು ತಟ್ಟಿ. ಸೂತ್ರವನ್ನು ನಂಬಿ ಅನುಮಾನಪಟ್ಟಿದ್ದಾನೆ, ಅಂಥ ಅನುಮಾನ ಬರಬೇಕು.

ಕಾಗದದಲ್ಲಿ ಒಟ್ಟು ಚಾರ್ಜ್ ಸೊನ್ನೆ ನಿಜ. ಆದರೆ ಒಳಗೆ ಪ್ಲಸ್ ಇದೆ, ಮೈನಸ್ ಇದೆ, ಸಮಸಮ ಇವೆ. ಬಾಚಣಿಗೆ ಮೈನಸ್ ಅಂತಿಟ್ಟುಕೊಳ್ಳಿ. ಅದು ಹತ್ತಿರ ಬಂದಾಗ ಕಾಗದದ ಮೈನಸ್ ಒಂಚೂರು ಆಚೆ ಸರಿಯುತ್ತದೆ, ಪ್ಲಸ್ ಈಚೆ ಉಳಿಯುತ್ತದೆ. ಈಗ ಕಾಗದದ ಮೇಲೆ ಎರಡು ಬಲ. ಹತ್ತಿರದ ಬದಿಯನ್ನು ಎಳೆಯುವ ಬಲ ಒಂದು, ದೂರದ ಬದಿಯನ್ನು ತಳ್ಳುವ ಬಲ ಇನ್ನೊಂದು. ಚಾರ್ಜ್ ಸಮ, ದೂರ ಸಮ ಅಲ್ಲ. ಹತ್ತಿರದ್ದು 1 ಸೆಂ.ಮೀ., ದೂರದ್ದು 1.1 ಸೆಂ.ಮೀ. ಅಂದುಕೊಳ್ಳಿ. 1.1ರ ವರ್ಗ 1.21. ಅಂದರೆ ಎಳೆತವು ತಳ್ಳಾಟಕ್ಕಿಂತ ನೂರಕ್ಕೆ 21ರಷ್ಟು ಜಾಸ್ತಿ. ಆ ಹೆಚ್ಚಿನ ಪಾಲೇ ಚೂರನ್ನು ಎತ್ತುತ್ತದೆ. ಬೋರ್ಡಿನ ಮೇಲೆ ಈ ಲೆಕ್ಕ ಮಾಡಿ ತೋರಿಸಿ. ವರ್ಗದ ನಿಯಮ ಯಾಕಿದೆ ಅಂತ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ನನಗೆ ಗೊತ್ತಿಲ್ಲ.

ಪ್ರಯೋಗ ಆದಾಗ ಇನ್ನೊಂದನ್ನು ಗಮನಿಸಲು ಹೇಳಿ. ಅಂಟಿಕೊಂಡ ಚೂರುಗಳಲ್ಲಿ ಕೆಲವು ಸ್ವಲ್ಪ ಹೊತ್ತಿಗೆ ಚಿಮ್ಮಿ ಹೋಗುತ್ತವೆ. ಮುಟ್ಟಿದ್ದರಿಂದ ಬಾಚಣಿಗೆಯ ಚಾರ್ಜ್ ಅವುಗಳಿಗೂ ಬಂತು. ಈಗ ಎರಡೂ ಮೈನಸ್, ತಳ್ಳಾಟ ಶುರು.

ಜುಲೈ ವಿಷಯಕ್ಕೆ ಬಂದರೆ, ಕರಾವಳಿಯ ಮಳೆಗಾಲದಲ್ಲಿ ಇದು ಆಗದಿರುವುದು ನಿಮ್ಮ ತಪ್ಪಲ್ಲ. ಗಾಳಿಯ ತೇವ ಬಾಚಣಿಗೆಯ ಮೈಮೇಲೆ ತೆಳ್ಳಗೆ ಕೂತು ಚಾರ್ಜನ್ನು ಸೋರಿಸಿಬಿಡುತ್ತದೆ. ಎಣ್ಣೆ ಹಚ್ಚಿದ ತಲೆಯೂ ಕೆಲಸಕ್ಕೆ ಬಾರದು. ಪ್ಲಾಸ್ಟಿಕ್ ಸ್ಟ್ರಾ ಅಥವಾ ಪಿವಿಸಿ ಪೈಪಿನ ತುಂಡು ತಗೊಳ್ಳಿ, ಒಣ ಉಣ್ಣೆ ಬಟ್ಟೆಯಿಂದ ಉಜ್ಜಿ. ಪೈಪು, ಬಟ್ಟೆ, ಕಾಗದದ ಚೂರು ಎಲ್ಲವನ್ನೂ ಮೊದಲು ಹೇರ್ ಡ್ರೈಯರಿನ ಬಿಸಿ ಗಾಳಿಗೆ ಹಿಡಿದು ಒಣಗಿಸಿ. ಅದಕ್ಕೂ ಬಗ್ಗದಿದ್ದರೆ ಈ ಪಾಠವನ್ನು ಜನವರಿಯಲ್ಲಿ ಇನ್ನೊಮ್ಮೆ ತೆಗೆಯುವುದೇ ಲೇಸು.

ಪ್ರಶ್ನೆ: +6 ಮತ್ತು −2 ಮೈಕ್ರೊಕೂಲಂಬ್ ಇರುವ ಒಂದೇ ಅಳತೆಯ ಎರಡು ಲೋಹದ ಗುಂಡುಗಳನ್ನು ಮುಟ್ಟಿಸಿ ಮೊದಲಿದ್ದ ದೂರಕ್ಕೇ ತಂದರೆ ಬಲ ಎಷ್ಟಾಗುತ್ತದೆ?
— ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಒಟ್ಟು +4, ಸಮ ಪಾಲು, ಒಂದೊಂದಕ್ಕೆ +2. ಮೊದಲು ಗುಣಲಬ್ಧ 12, ಈಗ 4. ಬಲ ಮೂರರಲ್ಲೊಂದು ಆಯಿತು. ಆಗ ಆಕರ್ಷಣೆ ಇತ್ತು, ಈಗ ವಿಕರ್ಷಣೆ. ಇದನ್ನು ಬರೆಯಲು ಮರೆಯಬೇಡ. "ಒಂದೇ ಅಳತೆ" ಅನ್ನುವ ಮಾತು ಪ್ರಶ್ನೆಯಲ್ಲಿ ಇದ್ದರೆ ಮಾತ್ರ ಸಮ ಪಾಲು. ಗಾತ್ರ ಬೇರೆ ಇದ್ದರೆ ದೊಡ್ಡದಕ್ಕೆ ಹೆಚ್ಚು ಹೋಗುತ್ತದೆ.

ಈ ಮುಟ್ಟಿಸುವ ಲೆಕ್ಕ ಸುಮ್ನೆ ಪರೀಕ್ಷೆಗೆ ಹುಟ್ಟಿಸಿದ್ದಲ್ಲ. 1785ರಲ್ಲಿ ಫ್ರಾನ್ಸಿನ ಕೂಲಂಬ್ ತನ್ನ ತಿರುಚು ತಕ್ಕಡಿಯಲ್ಲಿ ನಿಯಮ ಕಂಡುಕೊಂಡಾಗ ಚಾರ್ಜ್ ಅಳೆಯಲು ಒಂದು ಯೂನಿಟ್ಟೇ ಇರಲಿಲ್ಲ. ಎಷ್ಟಿದೆ ಅಂತ ಗೊತ್ತಿಲ್ಲದ ಚಾರ್ಜನ್ನು ಸರಿಯಾಗಿ ಅರ್ಧ ಮಾಡುವುದು ಹೇಗೆ? ಅಂಥದ್ದೇ ಇನ್ನೊಂದು ಖಾಲಿ ಗುಂಡಿಗೆ ಮುಟ್ಟಿಸು. ಮತ್ತೊಂದು ಖಾಲಿ ಗುಂಡಿಗೆ ಮುಟ್ಟಿಸಿದರೆ ಕಾಲು. ಮಿಲಿಟರಿ ಎಂಜಿನಿಯರ್ ಆಗಿದ್ದವನ ತಲೆ ನೋಡು!

ಪ್ರಶ್ನೆ: ನೀಟ್‌ಗೆ ಓದುತ್ತಿದ್ದೇನೆ. ಚೌಕದ ನಾಲ್ಕು ಮೂಲೆಯಲ್ಲಿ ಚಾರ್ಜ್ ಇಟ್ಟು ಕೇಂದ್ರದಲ್ಲಿ ಬಲ ಕೇಳುವ ಲೆಕ್ಕಕ್ಕೆ ನನಗೆ ಒಂದು ಪುಟ ಬೇಕು. ಶಾರ್ಟ್‌ಕಟ್ ಇದೆಯಾ?
— ಕಲಬುರಗಿ

ಉತ್ತರ: 180 ನಿಮಿಷದಲ್ಲಿ 180 ಪ್ರಶ್ನೆ ಬಿಡಿಸುವವರಿಗೆ ಒಂದು ಪುಟ ದುಬಾರಿಯೇ. ಶಾರ್ಟ್‌ಕಟ್ ಅಂತ ಬೇರೆ ಇಲ್ಲ. ಬಾಣ ಎಳೆಯುವ ಅಭ್ಯಾಸವೇ ಶಾರ್ಟ್‌ಕಟ್.

ಮೂಲೆಗಳಿಗೆ ಸುತ್ತಿನ ಕ್ರಮದಲ್ಲಿ 2, −5, 2, −5 ಮೈಕ್ರೊಕೂಲಂಬ್ ಕೊಟ್ಟಿದ್ದಾರೆ ಅನ್ನಿ. ಕರ್ಣದ ಎರಡು ತುದಿ ನೋಡಿ. ಒಂದು ಕರ್ಣಕ್ಕೆ 2 ಮತ್ತು 2, ಇನ್ನೊಂದಕ್ಕೆ −5 ಮತ್ತು −5. ಎದುರೆದುರು ಮೂಲೆಯಿಂದ ಬರುವ ಬಲಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಉತ್ತರ ಸೊನ್ನೆ. ಬದಿ 10 ಸೆಂ.ಮೀ. ಅಂತ ಕೊಟ್ಟಿದ್ದು ನಿಮ್ಮನ್ನು ದಾರಿ ತಪ್ಪಿಸಲು. ಅದನ್ನು ಹಿಡಿದು ಕರ್ಣ, ಕೊಸೈನ್ 45 ಅಂತ ಹೊರಟವರು ಪುಟದ ಕೊನೆಗೆ 0.0003 ಅಂತ ಏನೋ ಒಂದು ಪಡೆಯುತ್ತಾರೆ.

ಇದರದೇ ಇನ್ನೊಂದು ಅವತಾರ ಇದೆ, ಸಿಇಟಿಗೂ ಉಪಯೋಗ. ನಾಲ್ಕೂ ಮೂಲೆಯಲ್ಲಿ +2 ಮೈಕ್ರೊಕೂಲಂಬ್, ಕೇಂದ್ರದಲ್ಲಿ +1, ಮೂಲೆಯಿಂದ ಕೇಂದ್ರಕ್ಕೆ 10 ಸೆಂ.ಮೀ. ಒಂದು ಮೂಲೆಯ ಚಾರ್ಜ್ ತೆಗೆದರೆ ಕೇಂದ್ರದಲ್ಲಿ ಬಲ ಎಷ್ಟು? ಉಳಿದ ಮೂರನ್ನು ಕೂಡಿಸಲು ಕೂರಬೇಡಿ. ನಾಲ್ಕೂ ಇದ್ದಾಗ ಸೊನ್ನೆ ಇತ್ತು. ತೆಗೆದದ್ದು ಒಂದೇ. ಅದರ ಎದುರಿನದು ಈಗ ಒಂಟಿ. ಬಲ 1.8 ನ್ಯೂಟನ್, ಖಾಲಿ ಮೂಲೆಯ ಕಡೆಗೆ. ಮೇಲೆ ಹೇಳಿದ 0.9 ನೆನಪಿದ್ದರೆ ಪೆನ್ನು ಕೂಡ ಬೇಡ.

ಪ್ರಶ್ನೆ: ಒಂದೇ ಮೊಳೆಯಿಂದ ಎರಡು ದಾರದಲ್ಲಿ ಎರಡು ಉಂಡೆ ನೇತುಹಾಕಿ ಚಾರ್ಜ್ ಕೊಡುವ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಒಂದಕ್ಕೆ 2, ಇನ್ನೊಂದಕ್ಕೆ 8 ಮೈಕ್ರೊಕೂಲಂಬ್ ಕೊಟ್ಟರೆ 8 ಇರುವುದು ಹೆಚ್ಚು ವಾಲುತ್ತದೋ, 2 ಇರುವುದೋ? ಗೆಳೆಯರಲ್ಲಿ ಜಗಳ ಆಗಿದೆ.
— ಮೂವರು ವಿದ್ಯಾರ್ಥಿಗಳು, ಹಾಸನ

ಉತ್ತರ: ಜಗಳ ನಿಲ್ಲಿಸಿ. ಎರಡೂ ಅಷ್ಟೇ ವಾಲುತ್ತವೆ, ತೂಕ ಒಂದೇ ಇದ್ದರೆ.

ಯಾರ ಮೇಲೆ, ಯಾರಿಂದ? 2ರ ಮೇಲೆ 8ರಿಂದ ಬರುವ ಬಲ, 8ರ ಮೇಲೆ 2ರಿಂದ ಬರುವ ಬಲ. ಎರಡಕ್ಕೂ ಸೂತ್ರದಲ್ಲಿ ಮೇಲೆ ಕೂರುವುದು 2 × 8. ಒಂದೇ ಗುಣಲಬ್ಧ, ಒಂದೇ ದೂರ. ನ್ಯೂಟನ್ನನ ಮೂರನೇ ನಿಯಮ ಇಲ್ಲೂ ಬಿಡುವುದಿಲ್ಲ. ಎರಡಕ್ಕೂ 4 ಮೈಕ್ರೊಕೂಲಂಬ್ ಕೊಟ್ಟಿದ್ದರೂ ಇಷ್ಟೇ ವಾಲುತ್ತಿದ್ದವು, ಯಾಕಂದರೆ 4 × 4 ಕೂಡ 16.

ಲೆಕ್ಕ ಮಾಡುವ ಬಗೆ ಹೀಗೆ. ಒಂದು ಉಂಡೆ ಮಾತ್ರ ನೋಡಿ, ಇನ್ನೊಂದನ್ನು ಕೈಯಿಂದ ಮುಚ್ಚಿ. ಅದರ ಮೇಲೆ ಮೂರು ಬಲ: ಕೆಳಕ್ಕೆ ತೂಕ, ಅಡ್ಡಕ್ಕೆ ವಿದ್ಯುತ್ ಬಲ, ದಾರದ ಉದ್ದಕ್ಕೆ ಎಳೆತ. ದಾರ 50 ಸೆಂ.ಮೀ., ಉಂಡೆಗಳ ನಡುವೆ 60 ಸೆಂ.ಮೀ., ಎರಡಕ್ಕೂ 2 ಮೈಕ್ರೊಕೂಲಂಬ್ ಅನ್ನಿ. ಬಲ 0.1 ನ್ಯೂಟನ್ ಬರುತ್ತದೆ. ಮೊಳೆಯಿಂದ ನೇರ ಕೆಳಗೆ ಗೆರೆ ಎಳೆದರೆ 30, 40, 50ರ ತ್ರಿಕೋನ. ಟ್ಯಾನ್ ಥೀಟಾ ಅಂದರೆ ವಿದ್ಯುತ್ ಬಲ ಭಾಗಿಸು ತೂಕ, ಇಲ್ಲಿ 30 ÷ 40. ತೂಕ 0.133 ನ್ಯೂಟನ್, ಉಂಡೆಯ ರಾಶಿ ಸುಮಾರು 13.6 ಗ್ರಾಂ. ಸೈನ್, ಕಾಸ್ ಎರಡೂ ಬರೆದು ಭಾಗಿಸಿದಾಗ ದಾರದ ಎಳೆತ ತಾನಾಗೇ ಹೊರಟುಹೋಗುತ್ತದೆ. ಅದನ್ನು ಬೇರೆ ಕಂಡುಹಿಡಿಯುವ ಶ್ರಮ ಬೇಡ.

ಉಂಡೆಗಳ ತೂಕ ಬೇರೆ ಬೇರೆ ಇದ್ದರೆ ಭಾರದ್ದು ಕಡಿಮೆ ವಾಲುತ್ತದೆ. ಆದರೆ ಆಗ ಎರಡೂ ಒಂದೇ ಎತ್ತರದಲ್ಲಿ ಇರುವುದಿಲ್ಲ, ವಿದ್ಯುತ್ ಬಲವೂ ನೇರ ಅಡ್ಡಕ್ಕೆ ಇರುವುದಿಲ್ಲ. ಮೇಲಿನ ಟ್ಯಾನ್ ಸೂತ್ರ ಅಲ್ಲಿ ನಡೆಯದು. ಪಿಯು ಮಟ್ಟದಲ್ಲಿ ಅದನ್ನು ಕೇಳುವುದಿಲ್ಲ, ಹೆದರಬೇಡಿ.

ಪತ್ರದ ಕೊನೆಯಲ್ಲಿ ನಿಮ್ಮಲ್ಲೊಬ್ಬರು "ಇದನ್ನು ಲ್ಯಾಬಿನಲ್ಲಿ ಮಾಡಿ ನೋಡಬಹುದಾ?" ಅಂತ ಪೆನ್ಸಿಲಿನಲ್ಲಿ ಸೇರಿಸಿದ್ದೀರಿ. ವಾಲುವುದನ್ನು ನೋಡಬಹುದು, ಈ ಅಂಕಿಗಳನ್ನು ನೋಡಲಾಗದು. ಗಾಳಿ ಸುಮಾರು 3 × 10⁶ ವೋಲ್ಟ್ ಪ್ರತಿ ಮೀಟರ್ ಕ್ಷೇತ್ರದವರೆಗೆ ತಡೆದುಕೊಳ್ಳುತ್ತದೆ, ಆಮೇಲೆ ಕಿಡಿ. ಒಂದು ಸೆಂ.ಮೀ. ತ್ರಿಜ್ಯದ ಗುಂಡಿನ ಮೇಲೆ 2 ಮೈಕ್ರೊಕೂಲಂಬ್ ಇಟ್ಟರೆ ಅದರ ಮೈಹತ್ತಿರ ಕ್ಷೇತ್ರ 1.8 × 10⁸, ಅಂದರೆ ಅರವತ್ತು ಪಟ್ಟು ಹೆಚ್ಚು. ಅಂಥ ಗುಂಡಿನ ಮೇಲೆ ನಿಲ್ಲುವುದು ಹೆಚ್ಚೆಂದರೆ 0.03 ಮೈಕ್ರೊಕೂಲಂಬ್. ಎಷ್ಟು ಹಗುರದ ಉಂಡೆ ಬೇಕಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ದಾರ 50 ಸೆಂ.ಮೀ. ಇರಲಿ, ನಡುವೆ 6 ಸೆಂ.ಮೀ. ಸಾಕು. ಉತ್ತರ ಕಳಿಸಿದರೆ ಮುಂದಿನ ತಿಂಗಳು ಹಾಕುತ್ತೇನೆ. ಚಿತ್ರ ಇರಲೇಬೇಕು.